ಸುಂಕದವನಿಗೆ ಪೆಟ್ಟಿಗೆಯ ಪರಿಚಯ: ವಿದೇಶಕ್ಕೆ ಪಾರ್ಸೆಲ್ ಕಳುಹಿಸುವ ಕಾಗದಪತ್ರ

ಮಾಗಡಿ ರಸ್ತೆಯ ಬಸ್ಸಿನಲ್ಲಿ ಹೋಗುವಾಗ ನಿರ್ವಾಹಕರು ‘ಸುಂಕದಕಟ್ಟೆ’ ಎಂದು ಕೂಗುತ್ತಾರೆ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಆ ಹೆಸರಿನೊಳಗೆ ಕುಳಿತಿರುವ ಸುಂಕದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಊರಿಗೆ ಬರುವ ಸರಕಿನ ಗಾಡಿಯನ್ನು ತಡೆದು, ಏನಿದೆ, ಎಷ್ಟಿದೆ ಎಂದು ವಿಚಾರಿಸಿ, ಹಣ ಕಟ್ಟಿಸಿಕೊಂಡು ಮುಂದಕ್ಕೆ ಬಿಡುತ್ತಿದ್ದ ಕಾಲದ ನೆನಪು ಇಂಥ ಹೆಸರುಗಳಲ್ಲಿ ಉಳಿದಿದೆ. ಆಗ ಗಾಡಿಯವನು ಎದುರಿಗೇ ನಿಂತಿರುತ್ತಿದ್ದ. ಅನುಮಾನ ಬಂದರೆ ಮೂಟೆ ಬಿಚ್ಚಿ ತೋರಿಸುತ್ತಿದ್ದ. ಇಂದು ಬಸವೇಶ್ವರನಗರದಿಂದ ಜರ್ಮನಿಗೋ ಆಸ್ಟ್ರೇಲಿಯಕ್ಕೋ ಒಂದು ಪೆಟ್ಟಿಗೆ ಕಳುಹಿಸಿದರೂ ಕೇಳುವ ಪ್ರಶ್ನೆಗಳು ಅವೇ. ಆದರೆ ಉತ್ತರ ಹೇಳಲು ನಾವು ಅಲ್ಲಿರುವುದಿಲ್ಲ, ನಮ್ಮ ಬದಲು ಒಂದು ಕಾಗದ ಇರುತ್ತದೆ.

ಆ ಕಾಗದವನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ನಮ್ಮ ಮಹಡಿಯ ಮನೆಯಲ್ಲಿ ಧಾರವಾಡದಿಂದ ಬಂದು ನೆಲೆಸಿದ ಅಕ್ಕ ಒಬ್ಬರಿದ್ದಾರೆ. ಅವರ ಮಗಳು ಜರ್ಮನಿಯಲ್ಲಿದ್ದಾಳೆ. ಮಗಳ ಸೀಮಂತಕ್ಕೆಂದು ಅಕ್ಕ ಹಸಿರು ರೇಷ್ಮೆ ಸೀರೆ, ಹಸಿರು ಗಾಜಿನ ಬಳೆ, ಅರಿಶಿನ, ಕುಂಕುಮ, ಒಂದು ಡಬ್ಬಿ ಧಾರವಾಡ ಪೇಡಾ ಜೋಡಿಸಿ ಪೆಟ್ಟಿಗೆ ಕಟ್ಟಿದರು. ಫಾರ್ಮು ತುಂಬಿಕೊಟ್ಟವನು ನಾನು. ವಿವರದ ಜಾಗದಲ್ಲಿ ‘ಗಿಫ್ಟ್ ಐಟಮ್ಸ್’ ಎಂದೂ ಬೆಲೆಯ ಜಾಗದಲ್ಲಿ 500 ರೂಪಾಯಿ ಎಂದೂ ಬರೆದೆ. ಎಲ್ಲರೂ ಹಾಗೆಯೇ ಬರೆಯುತ್ತಾರೆ ಎಂದು ಕೇಳಿದ್ದೆ. ಪೆಟ್ಟಿಗೆ ಅಲ್ಲಿನ ಸುಂಕದ ಕಚೇರಿಯಲ್ಲಿ ನಿಂತಿತು. ಒಳಗೆ ಏನಿದೆ, ಅದರ ಬೆಲೆಗೆ ಆಧಾರವೇನು ಎಂದು ಕೇಳಿ ಮಗಳ ಮನೆಗೆ ಪತ್ರ ಬಂತು. ತುಂಬಿದ ಬಸುರಿ ಬಸ್ಸು ಹತ್ತಿ ಆ ಕಚೇರಿಗೆ ಹೋಗಿ, ಅಧಿಕಾರಿಯ ಎದುರು ಪೆಟ್ಟಿಗೆ ಒಡೆದು, ಕುಂಕುಮ ಎಂದರೇನು ಎಂದು ವಿವರಿಸಬೇಕಾಯಿತು. ಪೇಡಾ ಅವರು ಕೊಡಲಿಲ್ಲ. ಸೀರೆ ಕೈಗೆ ಸಿಗುವ ಹೊತ್ತಿಗೆ ಸೀಮಂತ ಮುಗಿದಿತ್ತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಅವನಿಗೆ ಕಲ್ಲೆದೆ ಎಂಬುದು ಅದರ ಧ್ವನಿ. ಆದರೆ ಅವನ ಕಡೆಯಿಂದಲೂ ಒಮ್ಮೆ ಯೋಚಿಸಬೇಕು. ದಿನಕ್ಕೆ ಸಾವಿರಾರು ಪೆಟ್ಟಿಗೆ ಅವನ ಮುಂದೆ ಹಾಯುತ್ತವೆ. ಇದು ಸೀಮಂತದ ಸೀರೆ ಎಂಬುದು ಅವನಿಗೆ ಬೇಕಿಲ್ಲ. ರೇಷ್ಮೆಯೋ ಹತ್ತಿಯೋ, ಎಷ್ಟು, ಏನು ತೂಕ, ಏನು ಬೆಲೆ, ಎಲ್ಲಿ ತಯಾರಾದದ್ದು, ಮಾರಾಟಕ್ಕೋ ಉಡುಗೊರೆಗೋ: ಇಷ್ಟು ಗೊತ್ತಾದರೆ ಪೆಟ್ಟಿಗೆಯನ್ನು ಬಿಚ್ಚದೆಯೇ ಬಿಡಬಲ್ಲ. ಮುಂದೆ ಹೇಳುವುದೆಲ್ಲ ಈ ಆರು ಪ್ರಶ್ನೆಗಳ ಉತ್ತರದ ಬಗ್ಗೆಯೇ.

ಕಾಗದ ಪೆಟ್ಟಿಗೆಗಿಂತ ಮುಂಚೆ ಹೊರಡುತ್ತದೆ

ಅಂಚೆಯಲ್ಲಿ ಹೋಗುವ ಸರಕಿನ ಮೇಲೆ ಅಂಟಿಸುವ ಘೋಷಣಾ ಪತ್ರ ಎರಡು ಬಗೆಯದು: ಸಿಎನ್ 22 ಮತ್ತು ಸಿಎನ್ 23. ಇವು ನಮ್ಮ ಅಂಚೆ ಇಲಾಖೆ ತಾನೇ ರೂಪಿಸಿದ ಫಾರ್ಮುಗಳಲ್ಲ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ಸಾರ್ವತ್ರಿಕ ಅಂಚೆ ಒಕ್ಕೂಟ ಇವುಗಳ ಮಾದರಿಯನ್ನು ಜಗತ್ತಿಗೆಲ್ಲ ಒಂದೇ ಆಗಿರುವಂತೆ ಇಟ್ಟಿದೆ. ಭಾರತ 1876ರಿಂದ ಆ ಒಕ್ಕೂಟದ ಸದಸ್ಯ ದೇಶ. ಸಿಎನ್ 22 ಅಂಗೈಯಗಲದ ಚೀಟಿ. ಎರಡು ಕಿಲೋ ಒಳಗಿನ ಸಣ್ಣ ಪೊಟ್ಟಣಗಳಿಗೆ, ಬೆಲೆಯೂ ಒಂದು ಮಿತಿಯೊಳಗಿದ್ದಾಗ, ಅದು ಸಾಕು. ಆ ಮಿತಿ 300 ಎಸ್‌ಡಿಆರ್. ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕಾಗಿ ಇಟ್ಟುಕೊಂಡಿರುವ ಮಾನದಲ್ಲಿ 300. ಅದಕ್ಕಿಂತ ಹೆಚ್ಚಿನ ಬೆಲೆಯ ಪೊಟ್ಟಣಕ್ಕೆ, ಮತ್ತು ಪಾರ್ಸೆಲ್‌ಗಳಿಗೆ, ಪುಟದಷ್ಟು ದೊಡ್ಡದಾದ ಸಿಎನ್ 23 ಬೇಕು.

ಖಾಸಗಿ ಕೊರಿಯರ್ ಮೂಲಕ ಕಳುಹಿಸಿದರೆ ಈ ಫಾರ್ಮು ಇರುವುದಿಲ್ಲ. ಅಲ್ಲಿ ಇನ್‌ವಾಯ್ಸ್‌ನದೇ, ಅಂದರೆ ವಸ್ತು ಮತ್ತು ಬೆಲೆಗಳ ಪಟ್ಟಿಯದೇ, ಮುಖ್ಯ ಪಾತ್ರ. ಅದನ್ನು ನೋಡಿಕೊಂಡು ಕೊರಿಯರ್ ಸಂಸ್ಥೆಯೇ ನಮ್ಮ ಹೆಸರಿನಲ್ಲಿ ಸುಂಕ ಇಲಾಖೆಗೆ ‘ಕೊರಿಯರ್ ಶಿಪ್ಪಿಂಗ್ ಬಿಲ್’ ಸಲ್ಲಿಸುತ್ತದೆ. ಕಳುಹಿಸುವವರ ಗುರುತಿನ ಚೀಟಿಯ ಪ್ರತಿಯನ್ನು ಕೇಳಿ ಪಡೆಯುತ್ತದೆ. ಎರಡು ದಾರಿಯಲ್ಲೂ ಕೇಳುವ ವಿವರಗಳು ಮಾತ್ರ ಹೆಚ್ಚುಕಡಿಮೆ ಒಂದೇ.

ಕೌಂಟರಿನಲ್ಲಿ ನಿಂತಾಗ ನಮ್ಮ ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಗುಮಾಸ್ತರು ಆ ವಿವರಗಳನ್ನು ಕಂಪ್ಯೂಟರಿಗೆ ತುಂಬುತ್ತಾರಲ್ಲ, ಆ ಮಾಹಿತಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ಮೇಲೇಳುವ ಮೊದಲೇ ಮುಟ್ಟಬೇಕಾದ ದೇಶ ಮುಟ್ಟುತ್ತದೆ. ಐರೋಪ್ಯ ಒಕ್ಕೂಟ 2021ರ ಮಾರ್ಚ್ 15ರಿಂದ ವಿಮಾನದಲ್ಲಿ ಬರುವ ಅಂಚೆ ಮತ್ತು ಕೊರಿಯರ್ ಸರಕಿನ ವಿವರ ವಿಮಾನಕ್ಕೆ ತುಂಬುವ ಮುನ್ನವೇ ತನಗೆ ಸಿಗಬೇಕೆಂದು ಕಡ್ಡಾಯ ಮಾಡಿತು. ಅಮೆರಿಕ 2018ರಲ್ಲಿ ಇಂಥದೇ ಕಾನೂನು ತಂದಿತು. ಅಂಚೆಯಲ್ಲಿ ನುಸುಳಿ ಬರುತ್ತಿದ್ದ ಮಾದಕ ವಸ್ತುಗಳಿಂದ ಅಲ್ಲಿ ಜನ ಸಾಯುತ್ತಿದ್ದದ್ದು ಅದಕ್ಕೆ ಕಾರಣ. ಹೀಗಾಗಿ ‘ಗಿಫ್ಟ್ ಐಟಮ್ಸ್’ ಎಂಬ ಎರಡು ಪದಗಳನ್ನು ಮೊದಲು ಓದುವುದು ಮನುಷ್ಯನೂ ಅಲ್ಲ, ಒಂದು ಯಂತ್ರ. ಅದಕ್ಕೆ ಆ ಪದಗಳಲ್ಲಿ ಯಾವ ವಸ್ತುವೂ ಕಾಣಿಸುವುದಿಲ್ಲ. ಯಾವ ಬಗೆಯ ವಿವರಣೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಐರೋಪ್ಯ ಒಕ್ಕೂಟ ಪಟ್ಟಿಯನ್ನೇ ಪ್ರಕಟಿಸಿದೆ.

ವಸ್ತುವನ್ನು ನೋಡದವನಿಗೆ ವಸ್ತು ಕಾಣಿಸಬೇಕು

ಇಡೀ ಫಾರ್ಮಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂರುವುದು ವಿವರದ ಕಾಲಂನಲ್ಲಿ. ಪೆಟ್ಟಿಗೆ ನಿಲ್ಲುವುದೂ ಹೆಚ್ಚಾಗಿ ಇಲ್ಲಿ ಬರೆದ ಮಾತಿನಿಂದಲೇ.

ನಮ್ಮ ಮನೆಗಳಿಂದ ಹೋಗುವ ವಸ್ತುಗಳ ಹೆಸರು ನಮಗೆ ಎಷ್ಟು ಆಪ್ತವೋ ಹೊರಗಿನವರಿಗೆ ಅಷ್ಟೇ ಅಪರಿಚಿತ. ‘ಪೂಜಾ ಸಾಮಾನು’ ಎಂದು ಬರೆದರೆ ನಮಗೆ ಕಣ್ಣ ಮುಂದೆ ತಟ್ಟೆಯೇ ಬಂದು ನಿಲ್ಲುತ್ತದೆ. ಓದುವ ಅಧಿಕಾರಿಗೆ ಏನೂ ಬರುವುದಿಲ್ಲ. ಎಕ್ಸ್‌ರೇ ಪರದೆಯ ಮೇಲೆ ಅವನಿಗೆ ಕಾಣುವುದು ಪ್ಲಾಸ್ಟಿಕ್ ಚೀಲದಲ್ಲಿ ಯಾವುದೋ ಪುಡಿ. ಹೆಸರಿಲ್ಲದ ಪುಡಿಗಿಂತ ಬೇಗ ಅನುಮಾನ ಹುಟ್ಟಿಸುವ ವಸ್ತು ಇನ್ನೊಂದಿಲ್ಲ. ಕುಂಕುಮ, ವಿಭೂತಿ, ಅರಿಶಿನ, ಸೀಗೆಪುಡಿ, ಚಟ್ನಿಪುಡಿ, ಸಾರಿನಪುಡಿ, ರಂಗೋಲಿ ಪುಡಿ: ಕನ್ನಡದ ಮನೆಯಿಂದ ಹೋಗುವ ಪೆಟ್ಟಿಗೆಯಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ. ಒಂದೊಂದಕ್ಕೂ ಒಂದೊಂದು ಸಾಲು ಕೊಡಬೇಕು. ಕುಂಕುಮವಾದರೆ ‘ಹಣೆಗೆ ಇಡುವ ಕೆಂಪು ಪುಡಿ, ಅರಿಶಿನ ಮತ್ತು ಸುಣ್ಣದಿಂದ ಮಾಡಿದ್ದು’ ಎಂದು, ವಿಭೂತಿಯಾದರೆ ‘ಪೂಜೆಗೆ ಬಳಸುವ ಬೂದಿ, ತಿನ್ನುವುದಕ್ಕಲ್ಲ’ ಎಂದು. ಸಾರಿನಪುಡಿಯಾದರೆ ‘ಹುರಿದು ಪುಡಿ ಮಾಡಿದ ಮಸಾಲೆ: ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯ, ಜೀರಿಗೆ’ ಎಂದು. ಫಾರ್ಮಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಆದರೆ ಮೊದಲು ಕನ್ನಡದಲ್ಲಿ ಯೋಚಿಸಿ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿಕೊಂಡರೆ ಕೆಲಸ ಹಗುರಾಗುತ್ತದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ಮೂಲೆಯಲ್ಲಿ ಅವರು ಪ್ರೀತಿಯಿಂದ ಸಿಕ್ಕಿಸಿಟ್ಟ ಕರ್ಪೂರದ ಡಬ್ಬಿ ಆಗಲೇ ಹೊರಬರುತ್ತದೆ. ಕರ್ಪೂರ ಹೊತ್ತಿಕೊಳ್ಳುವ ವಸ್ತು. ಅದನ್ನು ವಿಮಾನದ ಅಂಚೆಯಲ್ಲಿ ಕಳುಹಿಸುವಂತಿಲ್ಲ. ಬೆಂಕಿಪೊಟ್ಟಣ, ಸೆಂಟು, ಪವರ್ ಬ್ಯಾಂಕ್‌ಗಳನ್ನೂ ಹಾಗೆಯೇ.

ಬಟ್ಟೆಗೆ ಬಂದರೆ ಯಾರದು, ಯಾವ ನೂಲಿನದು, ಹೊಲಿದದ್ದೋ ಹೊಲಿಯದ್ದೋ ಎಂಬುದು ಬೇಕು. ‘ಬಟ್ಟೆ, 4’ ಎನ್ನುವ ಬದಲು ‘ಹೆಂಗಸರ ರೇಷ್ಮೆ ಸೀರೆ, ಹೊಲಿಗೆಯಿಲ್ಲದ್ದು, 1’, ‘ಮಕ್ಕಳ ಹತ್ತಿ ಅಂಗಿ, 3’ ಎಂದು ಒಡೆದು ಬರೆಯಬೇಕು. ಪಾತ್ರೆಯಾದರೆ ಸ್ಟೀಲೋ ಹಿತ್ತಾಳೆಯೋ, ಆಟಿಕೆಯಾದರೆ ಮರದ್ದೋ ಪ್ಲಾಸ್ಟಿಕ್ಕೋ. ಪ್ರತಿ ಸಾಲಿಗೂ ಸಂಖ್ಯೆ, ನಿವ್ವಳ ತೂಕ, ಬೆಲೆ ಬೇರೆ ಬೇರೆ. ನಿವ್ವಳ ತೂಕ ಎಂದರೆ ವಸ್ತುವಿನ ತೂಕ ಮಾತ್ರ. ರಟ್ಟು, ಗುಳ್ಳೆ ಹಾಳೆ, ಟೇಪು ಸೇರಿದರೆ ಅದು ಒಟ್ಟು ತೂಕ, ಅದಕ್ಕೆ ಬೇರೆ ಜಾಗವಿದೆ. ಎಲ್ಲ ಸಾಲುಗಳ ನಿವ್ವಳ ತೂಕ ಕೂಡಿದರೆ ಒಟ್ಟು ತೂಕಕ್ಕಿಂತ ಹೆಚ್ಚಾಗಬಾರದು. ಹೇಳಬೇಕಾಗಿಯೇ ಇಲ್ಲದ ಮಾತು ಎನಿಸಬಹುದು, ಆದರೆ ಅಡುಗೆಮನೆಯ ತಕ್ಕಡಿಯಲ್ಲಿ ಅಂದಾಜು ಮಾಡಿ ಬರೆದ ಫಾರ್ಮುಗಳು ಈ ಕೂಡಿಕೆಯಲ್ಲೇ ಎಡವುತ್ತವೆ.

ಸರಕಿನ ಪಿನ್‌ಕೋಡ್

ವಿವರದ ಪಕ್ಕದ ಕಾಲಂನಲ್ಲಿ ಎಚ್‌ಎಸ್ ಕೋಡ್ ಎಂದಿರುತ್ತದೆ. ಇದನ್ನು ಕಂಡು ಹೆದರುವವರೇ ಹೆಚ್ಚು. ನಮಗೆ ಗೊತ್ತಿರುವ ಪಿನ್‌ಕೋಡಿನಿಂದ ಹೊರಟರೆ ಅದು ಸುಲಭವಾಗಿ ಅರ್ಥವಾಗುತ್ತದೆ. 560010 ಎಂದು ಬರೆದಾಗ ಮೊದಲ ಅಂಕಿ ದೇಶದ ಒಂದು ವಲಯ, ಮೊದಲ ಮೂರು ಅಂಕಿಗಳು ಬೆಂಗಳೂರು, ಉಳಿದದ್ದು ರಾಜಾಜಿನಗರದ ಅಂಚೆ ಕಚೇರಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗುತ್ತೇವೆ. ಎಚ್‌ಎಸ್ ಕೋಡಿನದೂ ಇದೇ ಕ್ರಮ, ಆದರೆ ಊರಿನ ಬದಲು ಸರಕು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನಿರ್ವಹಿಸುತ್ತದೆ. 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿಗೆ ಶೀರ್ಷಿಕೆ, ಆರಕ್ಕೆ ಉಪಶೀರ್ಷಿಕೆ. ಆರು ಅಂಕಿಗಳವರೆಗೆ ಜಗತ್ತಿಗೆಲ್ಲ ಒಂದೇ. ಅದರ ಮುಂದೆ ಒಂದೊಂದು ದೇಶ ತನ್ನ ಅನುಕೂಲಕ್ಕೆ ಅಂಕಿ ಸೇರಿಸಿಕೊಂಡಿದೆ: ಭಾರತದಲ್ಲಿ ಎಂಟು, ಅಮೆರಿಕದಲ್ಲಿ ಹತ್ತು.

ರೇಷ್ಮೆ 50ನೆಯ ಅಧ್ಯಾಯ. ನೇಯ್ದ ರೇಷ್ಮೆ ಬಟ್ಟೆ 5007. ನಮ್ಮ ಸುಂಕದ ಪುಸ್ತಕದಲ್ಲಿ ರೇಷ್ಮೆ ಸೀರೆ ಬರುವುದು ಇಲ್ಲಿ, ಸಿದ್ಧ ಉಡುಪಿನ ಅಧ್ಯಾಯದಲ್ಲಲ್ಲ. ಏಕೆಂದರೆ ಸೀರೆ ಮಗ್ಗದಿಂದ ಇಳಿದ ಹಾಗೆಯೇ ಇರುವ ಬಟ್ಟೆ, ಅದಕ್ಕೆ ಕತ್ತರಿಯೂ ಸೂಜಿಯೂ ತಾಗಿಲ್ಲ. ಅದೇ ಬಟ್ಟೆಯಿಂದ ಕುಪ್ಪಸ ಹೊಲಿಸಿದರೆ ಅದು 62ನೆಯ ಅಧ್ಯಾಯಕ್ಕೆ ಜಿಗಿಯುತ್ತದೆ. ಕಾಫಿಪುಡಿ 0901. ಕಾಳುಮೆಣಸು, ಒಣಮೆಣಸಿನಕಾಯಿ 0904. ಅಗರಬತ್ತಿ 3307. ಪುಸ್ತಕ 4901. ಗಾಜಿನ ಬಳೆ ಗಾಜಿನ 70ನೆಯ ಅಧ್ಯಾಯದಲ್ಲಿದ್ದರೆ, ಲೋಹದ ಕೃತಕ ಒಡವೆ 7117. ಚನ್ನಪಟ್ಟಣದ ಒಂದೇ ಚರಕಿಯಲ್ಲಿ ಕಡೆದ ಎರಡು ವಸ್ತುಗಳು ಬೇರೆ ಬೇರೆ ಮನೆ ಸೇರುವುದೂ ಉಂಟು: ಮಗು ಆಡುವ ಬುಗುರಿ ಆಟಿಕೆಯಾಗಿ 9503ರಲ್ಲಿ, ಷೋಕೇಸಿನಲ್ಲಿ ಇಡುವ ಮರದ ಬೊಂಬೆ ಅಲಂಕಾರದ ವಸ್ತುವಾಗಿ 4420ರಲ್ಲಿ. ವಸ್ತು ಯಾವುದರಿಂದ ಆದದ್ದು, ಯಾವುದಕ್ಕೆ ಬಳಕೆಯಾಗುತ್ತದೆ ಎಂಬ ಎರಡನ್ನೂ ನೋಡಿ ಮನೆ ಗೊತ್ತು ಮಾಡುವ ಪದ್ಧತಿ ಇದು. ಮೇಲಿನ ಕಾಲಂನಲ್ಲಿ ವಿವರ ಸರಿಯಾಗಿ ಬರೆದಿದ್ದರೆ ಕೋಡ್ ಹುಡುಕುವುದು ಐದು ನಿಮಿಷದ ಕೆಲಸ. ವಿವರವೂ ಕೋಡೂ ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಯಾರೂ ನಂಬುವುದಿಲ್ಲ.

ಬೆಲೆ

ಹದಿನೈದು ಸಾವಿರದ ಸೀರೆಗೆ ಐನೂರು ಎಂದು ಬರೆಯುವ ಅಭ್ಯಾಸ ಬಹಳ ಹಳೆಯದು. ಸುಂಕ ಉಳಿಯುತ್ತದೆ ಎಂಬ ಆಸೆ. ಆದರೆ ಅಧಿಕಾರಿಯ ಮೇಜಿನ ಮೇಲೂ ಇಂಟರ್ನೆಟ್ ಇದೆ. ಅಂಥದೇ ಸೀರೆ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ನೋಡಿ ತಾನೇ ಬೆಲೆ ಕಟ್ಟುವ ಅಧಿಕಾರ ಅವನಿಗಿದೆ. ಆಮೇಲೆ ಪೆಟ್ಟಿಗೆಯ ಉಳಿದ ಸಾಲುಗಳನ್ನೂ ಅವನು ಅನುಮಾನದಿಂದಲೇ ಓದುತ್ತಾನೆ. ದಾರಿಯಲ್ಲಿ ಪೆಟ್ಟಿಗೆ ಕಳೆದುಹೋದರೆ ಪರಿಹಾರದ ಲೆಕ್ಕಕ್ಕೂ ಅದೇ ಐನೂರು ಅಡ್ಡ ಬರುತ್ತದೆ. ಫಾರ್ಮಿನ ಕೆಳಗೆ, ಮೇಲಿನ ವಿವರಗಳು ಸರಿಯಾಗಿವೆ, ಅಪಾಯಕಾರಿ ಅಥವಾ ನಿಷಿದ್ಧ ವಸ್ತು ಯಾವುದೂ ಇಲ್ಲ ಎಂಬ ಪ್ರಮಾಣ ವಾಕ್ಯವಿದೆ. ಅದರ ಕೆಳಗೆ ನಮ್ಮ ಸಹಿ. ಸೀಮಂತದ ಪೆಟ್ಟಿಗೆಗೆ ಆ ಸಹಿ ಅಕ್ಕನದು. ತಪ್ಪು ಬೆಲೆ ಬರೆದ ಕೈ ನನ್ನದು. ಅದು ನನಗೆ ಇಂದಿಗೂ ಚುಚ್ಚುತ್ತದೆ.

ಉಡುಗೊರೆಗೆ ಬೆಲೆಯೇ ಇಲ್ಲ ಎಂದು ಸೊನ್ನೆ ಬರೆಯುವವರಿದ್ದಾರೆ. ಇಲ್ಲಿ ಕೇಳುತ್ತಿರುವುದು ನಾವು ಪಡೆದ ಹಣವನ್ನಲ್ಲ, ವಸ್ತುವಿನ ಬೆಲೆಯನ್ನು. ಕೊಂಡದ್ದಾದರೆ ಬಿಲ್ಲಿನ ಮೊತ್ತ ಬರೆದು, ಬಿಲ್ಲಿನ ಪ್ರತಿಯೊಂದನ್ನು ಜೊತೆಗಿಡಬೇಕು. ಬಳಸಿದ್ದಾದರೆ ‘ಬಳಸಿದ್ದು’ ಎಂದು ಬರೆದು, ಇಂದು ಮಾರಿದರೆ ಬರಬಹುದಾದ ಬೆಲೆ. ಮನೆಯಲ್ಲೇ ಮಾಡಿದ್ದಾದರೆ, ಅಂಥದೇ ವಸ್ತುವನ್ನು ಅಂಗಡಿಯಲ್ಲಿ ಕೊಳ್ಳಲು ಎಷ್ಟು ಬೇಕೋ ಅಷ್ಟು. ನಾಣ್ಯ ಯಾವುದೆಂದು ಪ್ರತಿ ಬಾರಿಯೂ ನಮೂದಿಸಬೇಕು. ರೂಪಾಯಿ ಎಂದು ಕಾಣಿಸದ 4000 ಯೂರೋ ಎಂದು ಓದಿಸಿಕೊಂಡರೆ ಪಡೆಯುವವರ ಗತಿ ಏನಾಗಬೇಡ.

ಉಡುಗೊರೆ ಯಾವುದು, ವ್ಯಾಪಾರ ಯಾವುದು

ಉಡುಗೊರೆ ಎಂಬ ಪದಕ್ಕೆ ನಮ್ಮ ಮನೆಯಲ್ಲಿ ಒಂದು ಅರ್ಥ, ಸುಂಕದ ಕಾನೂನಿನಲ್ಲಿ ಇನ್ನೊಂದು. ಒಬ್ಬ ವ್ಯಕ್ತಿ ಮತ್ತೊಬ್ಬ ವ್ಯಕ್ತಿಗೆ, ಹಣ ಪಡೆಯದೆ, ಸ್ವಂತ ಬಳಕೆಗೆಂದು, ಅಪರೂಪಕ್ಕೆ ಕಳುಹಿಸಿದ್ದು ಮಾತ್ರ ಅಲ್ಲಿ ಉಡುಗೊರೆ. ಮಲ್ಲೇಶ್ವರದ ಅಂಗಡಿಯಲ್ಲಿ ನಾವು ಹಣ ಕೊಟ್ಟು, ಅಂಗಡಿಯವರೇ ನೇರವಾಗಿ ಮಗಳ ವಿಳಾಸಕ್ಕೆ ರವಾನಿಸಿದರೆ ಕಳುಹಿಸಿದವರ ಜಾಗದಲ್ಲಿ ಅಂಗಡಿಯ ಹೆಸರಿರುತ್ತದೆ, ಅದನ್ನು ಉಡುಗೊರೆ ಎಂದು ಒಪ್ಪಿಸುವುದು ಕಷ್ಟ. ಮನೆಗೆ ತರಿಸಿಕೊಂಡು ನಮ್ಮ ಹೆಸರಿನಲ್ಲಿ ಕಳುಹಿಸುವುದೇ ಸರಿ.

ಉಡುಗೊರೆಗೂ ಮಿತಿಯಿದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 45 ಯೂರೋವರೆಗಿನ ಉಡುಗೊರೆಗೆ ಸುಂಕ, ತೆರಿಗೆ ಇಲ್ಲ. ಬ್ರಿಟನ್‌ನಲ್ಲಿ 39 ಪೌಂಡ್, ಕೆನಡಾದಲ್ಲಿ 60 ಕೆನಡಾ ಡಾಲರ್, ಅಮೆರಿಕದಲ್ಲಿ 100 ಡಾಲರ್. ಒಂದು ಒಳ್ಳೆಯ ರೇಷ್ಮೆ ಸೀರೆ ಈ ಎಲ್ಲ ಮಿತಿಗಳನ್ನೂ ದಾಟುತ್ತದೆ. ದಾಟಿದರೆ ತಪ್ಪೇನಲ್ಲ, ಅಲ್ಲಿ ಪಡೆಯುವವರು ತೆರಿಗೆ ಕಟ್ಟಿ ಬಿಡಿಸಿಕೊಳ್ಳಬೇಕು, ಅಷ್ಟೆ. ಅದನ್ನು ಅವರಿಗೆ ಮೊದಲೇ ತಿಳಿಸಬೇಕಾದದ್ದು ನಮ್ಮ ಹೊಣೆ. ನಮ್ಮ ದೇಶದ ಕಡೆಯಿಂದ ಉಡುಗೊರೆಗೆ ಉದಾರ ಅವಕಾಶವಿದೆ: ವಿದೇಶ ವ್ಯಾಪಾರ ನೀತಿಯ ಪ್ರಕಾರ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ವಸ್ತುಗಳನ್ನು, ತಿನಿಸೂ ಸೇರಿ, ಉಡುಗೊರೆಯಾಗಿ ಕಳುಹಿಸಬಹುದು.

ಅಮೆರಿಕದ ನಿಯಮಗಳು ಇತ್ತೀಚೆಗೆ ತಲೆಕೆಳಗಾದದ್ದನ್ನು ಇಲ್ಲಿ ಹೇಳಲೇಬೇಕು. 2016ರಿಂದ ಆ ದೇಶ 800 ಡಾಲರ್‌ವರೆಗಿನ ಸರಕನ್ನು ಸುಂಕವಿಲ್ಲದೆ ಒಳಗೆ ಬಿಡುತ್ತಿತ್ತು. ನಮ್ಮ ನಗರದಿಂದ ಕರಕುಶಲ ವಸ್ತು ಮಾರುವ ಎಷ್ಟೋ ಸಣ್ಣ ವ್ಯಾಪಾರಗಳು ಆ ರಿಯಾಯಿತಿಯ ನೆರಳಿನಲ್ಲೇ ಬೆಳೆದವು. 2025ರ ಆಗಸ್ಟ್ 29ರಂದು ಅದು ನಿಂತಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕು ಎಂಬುದು ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಅಮೆರಿಕದ ಬುಕಿಂಗನ್ನು ನಿಲ್ಲಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್ 15ರಂದು ಮತ್ತೆ ಶುರುವಾದಾಗ, ಸುಂಕವನ್ನು ಕಳುಹಿಸುವವರೇ ಇಲ್ಲಿ ಮುಂಗಡವಾಗಿ ಕಟ್ಟುವ ಪದ್ಧತಿ ಬಂತು. ದರಗಳು ಆಗಾಗ ಬದಲಾಗುತ್ತಿರುವುದರಿಂದ, ಕಳುಹಿಸುವ ದಿನವೇ ಕೌಂಟರಿನಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಹಣ ಪಡೆದು ಕಳುಹಿಸುವವರ ದಾರಿಯೇ ಬೇರೆ. ಮನೆಯಲ್ಲಿ ಅಗರಬತ್ತಿ ಹೊಸೆದು ಮಾರುವ ಸ್ತ್ರೀಶಕ್ತಿ ಸಂಘವಾದರೂ ಸರಿ, ಮೊದಲು ಐಇಸಿ ಎಂಬ ರಫ್ತುದಾರರ ಸಂಖ್ಯೆ ಬೇಕು. ಪ್ಯಾನ್ ಆಧಾರದ ಮೇಲೆ ಆನ್‌ಲೈನಿನಲ್ಲೇ ಸಿಗುತ್ತದೆ. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರಗಳನ್ನು ಖಚಿತಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಇದನ್ನು ಮರೆತು ಹಬ್ಬದ ಹೊತ್ತಿಗೆ ಪರದಾಡುವವರು ಬಹಳ. ಜಿಎಸ್‌ಟಿ ನೋಂದಣಿ ಇದ್ದವರು ಪ್ರತಿ ಹಣಕಾಸು ವರ್ಷಕ್ಕೊಮ್ಮೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ರಫ್ತಿಗೆ ತೆರಿಗೆ ಕಟ್ಟದೆ ಸರಕು ಕಳುಹಿಸಬಹುದು. ಕೊರಿಯರ್ ಮೂಲಕವಾದರೆ ಶಿಪ್ಪಿಂಗ್ ಬಿಲ್‌ನ ಐದನೆಯ ಬಗೆಯಲ್ಲಿ ಸಲ್ಲಿಸಬೇಕು. ನಾಲ್ಕನೆಯದು ಉಡುಗೊರೆ ಮತ್ತು ಮಾದರಿಗಳಿಗೆ. ವ್ಯಾಪಾರದ ಸರಕನ್ನು ನಾಲ್ಕನೆಯದರಲ್ಲಿ ದಾಟಿಸಿದರೆ ಆ ಹೊತ್ತಿಗೆ ಸುಲಭ ಎನಿಸುತ್ತದೆ, ಆದರೆ ಅದು ರಫ್ತು ಎಂದು ಎಲ್ಲಿಯೂ ದಾಖಲಾಗುವುದಿಲ್ಲ, ಬರಬೇಕಾದ ಪ್ರಯೋಜನಗಳೂ ಬರುವುದಿಲ್ಲ. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳ ಮೂಲಕ ಕಳುಹಿಸಿದರೆ ‘ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್’ ಅನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ತುಂಬಬಹುದು. 2022ರ ಕೊನೆಯಲ್ಲಿ ಬಂದ ನಿಯಮ ಇದಕ್ಕೆ ದಾರಿ ಮಾಡಿತು. ಮೊದಲ ಸಲ ರಫ್ತಿಗೆ ಇಳಿಯುವ ಸಣ್ಣವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಪ್ರೀತಿಯಿಂದ ಇಟ್ಟರೂ ದಾಟಲಾರದವು

ಕಾಗದ ಎಷ್ಟೇ ಚೆನ್ನಾಗಿದ್ದರೂ ಕೆಲವು ವಸ್ತುಗಳು ದಾಟುವುದಿಲ್ಲ. ಇವು ದೇಶದಿಂದ ದೇಶಕ್ಕೆ ಬೇರೆ. ನೋವಾಗುವುದು ಇಲ್ಲಿಯೇ, ಏಕೆಂದರೆ ನಿಲ್ಲುವುದು ಹೆಚ್ಚಾಗಿ ಅಡುಗೆಮನೆಯ ಪದಾರ್ಥ.

ಆಸ್ಟ್ರೇಲಿಯಕ್ಕೆ ಖಾಪ್ರಾ ಎಂಬ ಪುಟ್ಟ ದುಂಬಿಯ ಭಯ. ಕಣಜದ ಧಾನ್ಯವನ್ನು ಪುಡಿಗಟ್ಟುವ ಈ ಕೀಟದ ತವರು ನಮ್ಮ ಕಡೆಯೇ. ಅಲ್ಲಿನ ಗೋಧಿ ಬೆಳೆಗಾರರಿಗೆ ಅದು ತಲುಪಿದರೆ ದೊಡ್ಡ ಅನಾಹುತ. ಅದಕ್ಕಾಗಿ ಅಕ್ಕಿ, ತೊಗರಿ, ಕಡಲೆ, ಹೆಸರುಕಾಳು, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಮೊದಲಾದವನ್ನು ಅಂಚೆಯಲ್ಲಿ ಕಳುಹಿಸುವುದನ್ನು ಆ ದೇಶ ನಿಷೇಧಿಸಿದೆ. ಮೆಲ್ಬರ್ನಿನ ಸೊಸೆಗೆ ಬ್ಯಾಡಗಿ ಮೆಣಸಿನಕಾಯಿ ಕಳುಹಿಸಬೇಕೆಂದಿರುವ ಅತ್ತೆಯಂದಿರಿಗೆ ಇದನ್ನು ಹೇಳುವಾಗ ನನಗೂ ಸಂಕಟವಾಗುತ್ತದೆ. ಆದರೆ ಅಲ್ಲಿ ಹೋಗಿ ನಾಶವಾಗುವುದಕ್ಕಿಂತ ಇಲ್ಲಿ ಉಳಿಯುವುದು ಮೇಲು.

ಐರೋಪ್ಯ ಒಕ್ಕೂಟ ಹೊರದೇಶಗಳಿಂದ ಜನ ತರುವ, ಕಳುಹಿಸುವ ಹಾಲಿನ ಮತ್ತು ಮಾಂಸದ ಉತ್ಪನ್ನಗಳನ್ನು ಒಳಗೆ ಬಿಡುವುದಿಲ್ಲ; ಜಾನುವಾರು ರೋಗ ಬಾರದಿರಲಿ ಎಂಬುದು ಕಾರಣ. ನಮ್ಮ ಪೇಡಾ ನಿಂತದ್ದು ಇದಕ್ಕೆ. ಅಮೆರಿಕಕ್ಕೆ ಹಸಿ ಕರಿಬೇವು ಹೋಗುವುದಿಲ್ಲ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ತಿನಿಸು ಕಳುಹಿಸುವ ಮೊದಲು ಅಮೆರಿಕದ ಆಹಾರ ಇಲಾಖೆಗೆ ಮುನ್ಸೂಚನೆ ಕೊಡಬೇಕೆಂಬ ನಿಯಮವಿದೆ. ಆದರೆ ಮನೆಯಲ್ಲಿ ತಾವೇ ಮಾಡಿ ಸ್ವಂತದವರಿಗೆ ಉಡುಗೊರೆಯಾಗಿ ಕಳುಹಿಸುವ ತಿಂಡಿಗೆ ಆ ನಿಯಮದಿಂದ ವಿನಾಯಿತಿಯಿದೆ. ಚಕ್ಕುಲಿಯ ಸಾಲಿನಲ್ಲಿ ‘ಮನೆಯಲ್ಲಿ ಮಾಡಿದ್ದು’ ಎಂಬ ಎರಡು ಪದಗಳನ್ನು ಬಿಡದೆ ಬರೆಯಬೇಕಾದದ್ದು ಇದಕ್ಕಾಗಿ. ಕೊಲ್ಲಿಯ ಕಡೆಗೆ ಕಳುಹಿಸುವಾಗ ಗಸಗಸೆಯನ್ನು ಮರೆತೂ ಹಾಕಬಾರದು. ನಮಗೆ ಅದು ಪಾಯಸ. ಯುಎಇ, ಸೌದಿ ಅರೇಬಿಯಾಗಳಲ್ಲಿ ನಿಷಿದ್ಧ ವಸ್ತು, ಪಡೆದವರು ಜೈಲಿನ ಮೆಟ್ಟಿಲು ಹತ್ತಬೇಕಾದೀತು.

ನಮ್ಮ ದೇಶದಿಂದಲೇ ಹೊರಹೋಗಬಾರದವೂ ಇವೆ. ಅಜ್ಜಿಯ ಕಾಲದ ಹಿತ್ತಾಳೆ ದೀಪ, ಮನೆತನದ ವಿಗ್ರಹ ನೂರು ವರ್ಷ ದಾಟಿದ್ದರೆ, ತಾಳೆಗರಿ ಅಥವಾ ಕೈಬರಹದ ಹೊತ್ತಗೆ ಎಪ್ಪತ್ತೈದು ದಾಟಿದ್ದರೆ, 1972ರ ಕಾಯ್ದೆಯ ಪ್ರಕಾರ ಅವು ಪುರಾತನ ವಸ್ತುಗಳ ಸಾಲಿಗೆ ಸೇರುತ್ತವೆ. ಖಾಸಗಿಯವರು ರಫ್ತು ಮಾಡುವಂತಿಲ್ಲ. ಹಳೆಯದಂತೆ ಕಾಣುವ ಹೊಸ ವಸ್ತುವಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪುರಾತನವಲ್ಲ ಎಂಬ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ನವಿಲುಗರಿಗೆ ನಿಷೇಧವಿದೆ. ಮೈಸೂರಿನ ಬೀಟೆಮರದ ಕುಸುರಿ ಕೆಲಸದ ಫಲಕಗಳ ವಿಷಯದಲ್ಲೂ ಎಚ್ಚರ ಬೇಕು. ಆ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ 2017ರಿಂದ ಇದೆ.

ಇನ್ನು ಉಳಿದದ್ದು ಚಿಲ್ಲರೆ ಕೆಲಸ, ಆದರೆ ಮರೆತರೆ ತೊಡಕು. ಪಡೆಯುವವರ ಮೊಬೈಲ್ ಸಂಖ್ಯೆ, ಇಮೇಲ್ ಬರೆಯಬೇಕು, ದೇಶದ ಸಂಕೇತದೊಂದಿಗೆ. ದಕ್ಷಿಣ ಕೊರಿಯದಂಥ ದೇಶದಲ್ಲಿ ಪಡೆಯುವವರಿಗೆ ಸುಂಕಕ್ಕೆಂದೇ ಒಂದು ಸಂಖ್ಯೆ ಇರುತ್ತದೆ, ಕೇಳಿ ಪಡೆದಿಟ್ಟುಕೊಳ್ಳಬೇಕು. ಇನ್‌ವಾಯ್ಸ್ ಮೂರು ಪ್ರತಿ ಮಾಡಿಸಿ, ಒಂದನ್ನು ಪೆಟ್ಟಿಗೆಯೊಳಗೆ, ಉಳಿದವನ್ನು ಹೊರಗಿನ ಪಾರದರ್ಶಕ ಚೀಲದಲ್ಲಿ ಇಡುವುದು ನನ್ನ ರೂಢಿ. ವಿಲೇವಾರಿ ಆಗದಿದ್ದರೆ ಪೆಟ್ಟಿಗೆಯನ್ನು ವಾಪಸು ಕಳುಹಿಸಬೇಕೋ ಅಲ್ಲೇ ಬಿಟ್ಟುಬಿಡಬೇಕೋ ಎಂಬ ಪ್ರಶ್ನೆ ಪಾರ್ಸೆಲ್ ಫಾರ್ಮಿನಲ್ಲಿ ಇರುತ್ತದೆ. ವಾಪಸಿನ ಖರ್ಚು ನಮ್ಮ ಮೇಲೆ ಬರಬಹುದು ಎಂದು ತಿಳಿದೇ ಗುರುತು ಹಾಕಬೇಕು. ರಸೀದಿಯ ಮೇಲಿನ ಹದಿಮೂರು ಅಕ್ಷರ, ಅಂಕಿಗಳ ಸಂಖ್ಯೆಯನ್ನೂ ತುಂಬಿದ ಫಾರ್ಮಿನ ಚಿತ್ರವನ್ನೂ ಪಡೆಯುವವರಿಗೆ ಅಂದೇ ಕಳುಹಿಸಬೇಕು. ಅಲ್ಲಿಂದ ಪತ್ರ ಬಂದರೆ ಅವರ ಕೈಯಲ್ಲಿ ಉತ್ತರ ಸಿದ್ಧವಿರುತ್ತದೆ.

ಮೊಮ್ಮಗಳ ನಾಮಕರಣಕ್ಕೆ ಅಕ್ಕ ಮತ್ತೊಂದು ಪೆಟ್ಟಿಗೆ ಕಟ್ಟಿದರು. ಬೆಳ್ಳಿಯ ಉಡಿದಾರವನ್ನು ಊರಿಗೆ ಬಂದವರ ಕೈಯಲ್ಲಿ ಕೊಡುವುದೆಂದು ತೆಗೆದಿಟ್ಟೆವು. ಉಳಿದದ್ದನ್ನು ಹಾಸಿಗೆಯ ಮೇಲೆ ಹರಡಿ ಒಂದೊಂದಾಗಿ ತೂಗಿ ಬರೆದೆವು: ಮಗುವಿನ ಹತ್ತಿ ಕುಲಾವಿ, 2. ಮರದ ಗಿಲಕಿ, ಅರಗಿನ ಬಣ್ಣ, 1. ಕನ್ನಡ ಅಕ್ಷರಮಾಲೆಯ ಪುಸ್ತಕ, 1. ಕೌದಿಯ ಸಾಲಿಗೆ ಬಂದಾಗ ಅಕ್ಕ ನನ್ನ ಕೈ ತಡೆದರು. “ಹೊಸದು ಅಂತ ಬರೀಬೇಡ ತಮ್ಮಾ, ನನ್ನ ಹಳೇ ಸೀರೆಗಳು ಅವು” ಎಂದರು. ಹೊಡೆದುಹಾಕಿ ಮತ್ತೆ ಬರೆದೆ: ಮಗುವಿನ ಹೊದಿಕೆ, ಕೈಹೊಲಿಗೆ, ಬಳಸಿದ ಹತ್ತಿ ಸೀರೆಗಳಿಂದ ಮಾಡಿದ್ದು, 1, 900 ಗ್ರಾಂ, 1200 ರೂಪಾಯಿ, ತಯಾರಾದ ದೇಶ ಭಾರತ. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಮಾಡಿದರು. ಈ ಬಾರಿ ಸುಂಕದ ಕಚೇರಿಯಿಂದ ಪತ್ರ ಬರಲಿಲ್ಲ. ಅಂಚೆಯವನು ಬಾಗಿಲು ತಟ್ಟಿ ಪೆಟ್ಟಿಗೆಯನ್ನೇ ಕೊಟ್ಟು ಹೋದ.